ಜ್ವರಕ್ಕೆ ಕೂತ ಮನೆ

ಶಿವರಾತ್ರಿ ಕಳೆದು ಎರಡು ವಾರವೂ ಆಗಿರಲಿಲ್ಲ, ಆಗಲೇ ಬಿಸಿಲು ಚುರುಗುಟ್ಟತೊಡಗಿತ್ತು. ಕಲ್ಲುಕೆರೆದೊಡ್ಡಿಯ ಜನ ಹೊತ್ತು ಮೂಡುವ ಮೊದಲೇ ಹಿಪ್ಪುನೇರಳೆ ತೋಟಕ್ಕಿಳಿದು, ಎಲೆ ಬಾಡುವ ಮುನ್ನ ಹೊರೆ ಕಟ್ಟಿ ತಂದು ಒದ್ದೆ ಗೋಣಿ ಹೊದಿಸಿಬಿಡುತ್ತಿದ್ದರು. ಪಂಕಜಳ ಮನೆಯಲ್ಲಿ ಮಾತ್ರ ಆ ದಿನ ಸೊಪ್ಪಿನ ಕೆಲಸವಿರಲಿಲ್ಲ. ಅವಳ ರೇಷ್ಮೆಹುಳುಗಳು ಹಣ್ಣಾಗಿದ್ದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಹಾಗೆ ತಲೆಯೆತ್ತಿದವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತವೆ. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಚೆಲ್ಲಿ ಹಾಳಾಗುತ್ತವೆ.

ಈ ಕೆಲಸ ಒಂದು ಮನೆಯವರಿಂದ ಆಗುವಂಥದ್ದಲ್ಲ. ಅದಕ್ಕೇ ಊರಲ್ಲಿ ಮುಯ್ಯಿ ಇತ್ತು. ಇವತ್ತು ನಿಮ್ಮ ಹಣ್ಣು ಹುಳು ಆರಿಸಲು ನಾನು ಬರುತ್ತೇನೆ, ನಾಳೆ ನನ್ನ ಮನೆಗೆ ನೀವು ಬನ್ನಿ ಎಂಬ ಲೆಕ್ಕ. ಕರೆಯಲು ಬಂದವರಿಗೆ ಇಲ್ಲವೆನ್ನುವಂತಿಲ್ಲ. ಕರೆಯದೆ ಹೋಗುವಂತೆಯೂ ಇಲ್ಲ.

ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಸಾಕಮ್ಮ. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಹುಳುವಿನ ಮನೆಯೆಲ್ಲ ಅವಳದೇ ಜವಾಬ್ದಾರಿ.

"ಏನ್ ಸಾಕಕ್ಕ, ನಿಮ್ ಹುಳ ಬುಟ್ಟು ಇಷ್ಟ್ ಬ್ಯಾಗ ಬಂದ್ಬುಟ್ಟಿದ್ದೀಯ?" ಎಂದಳು ಪಂಕಜ.

"ಬೆಳಗಿನ್ ಜಾವಕ್ಕೆ ಎಲ್ಲಾ ಜ್ವರಕ್ಕೆ ಕೂತ್ಕಂಡೋ ಕಣವ್ವ. ನಾಕ್ನೇ ಜ್ವರ, ದೊಡ್ ಜ್ವರ. ಸುಣ್ಣದ್ ಪುಡಿ ಉದುರ್ಸಿ ಬಾಗ್ಲು ಹಾಕ್ಕಂಡ್ ಬಂದೆ. ಇನ್ನು ಅವು ಏಳೋಗಂಟ ನನ್ಗೂ ರಜ."

ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಹೊತ್ತು. ತಿನ್ನದೆ, ಅಲುಗದೆ, ತಲೆಯೆತ್ತಿ ಕಲ್ಲಿನಂತೆ ಕೂತುಬಿಡುತ್ತದೆ. ಆಗ ಆ ಮನೆಗೆ ಯಾರೂ ಕಾಲಿಡುವುದಿಲ್ಲ. ಬಾಗಿಲ ಬಳಿ ಗಟ್ಟಿಯಾಗಿ ಮಾತನಾಡುವುದೂ ಇಲ್ಲ. ಅಲುಗಿಸಿದರೆ, ಬಿಸಿಗಾಳಿ ಒಮ್ಮೆಲೇ ಬಡಿದರೆ ಪೊರೆ ಅರ್ಧಕ್ಕೆ ಅಂಟಿಕೊಂಡು ಹುಳು ಸಾಯುತ್ತದೆ.

"ನಮ್ ಡಬ್ಬಿನೂ ನಿನ್ ಪೆಟ್ಗೇಲೆ ಕೂತದೆ, ನೀನೂ ನಮ್ಮನೇಲೆ ಕೂತಿದ್ದೀಯ. ಈ ಮುಯ್ಯಿ ತೀರ್ಸಕ್ಕೆ ನಾನು ಇನ್ನೊಂದ್ ಸಲ ಹುಟ್ಬೇಕು" ಎಂದು ಪಂಕಜ ನಕ್ಕಳು.

"ಹುಟ್ದಾಗ ನೋಡ್ಕಳವ. ಈಗ ಕಾಪಿ ಕೊಡು."

ಪಂಕಜ ಕಾಫಿ ಕೊಟ್ಟು, ಅತ್ತೆ ತಿಮ್ಮಾಜಮ್ಮನಿಗೆ ಮಧ್ಯಾಹ್ನದ ಅಡುಗೆಯ ಮಾತು ಹೇಳಿ, ಹಲಗೆಯ ಕೋಣೆಯತ್ತ ಹೊರಟಳು.

ಹಾಲಿನ ಡೇರಿಯ ಪಕ್ಕದ ಚಿಕ್ಕ ಕೋಣೆ ಅದು. ಒಂದು ಮೇಜು, ಅದರ ಮೇಲೊಂದು ಕಂಪ್ಯೂಟರು. ಊರಿನ ಪ್ರತಿಯೊಂದು ಹುಳುವಿನ ಮನೆಯಲ್ಲೂ ಗೋಡೆಗೆ ಒಂದೊಂದು ಪೆಟ್ಟಿಗೆ ಇತ್ತು. ಪೆಟ್ಟಿಗೆ ಅಂದರೆ ಅಂಗೈಯಗಲದ ಗಣಕ. ಅದರೊಳಗೆ ಆ ಮನೆಯ ಕಂಟೇನರು, ಊರವರ ಬಾಯಲ್ಲಿ ಡಬ್ಬಿ. ಕಣ್ಣಿಗೆ ಕಾಣುವ ಡಬ್ಬಿಯಲ್ಲ, ಆ ಮನೆಯ ಕೆಲಸವನ್ನಷ್ಟೇ ಅರಿತ ತಂತ್ರಾಂಶದ ಒಂದು ಕಟ್ಟು. ಹುಳುಗಳು ಸೊಪ್ಪು ಮೆಲ್ಲುವ ಸದ್ದು ಕೇಳಿ ಹಸಿವೆಷ್ಟು ಎಂದು ಅದು ತಿಳಿಯುತ್ತಿತ್ತು. ಬಿಸಿ, ತೇವ ಅಳೆದು ಸೂರಿನ ಗಾಳಿಕಿಂಡಿಗಳನ್ನು ತೆರೆದು ಮುಚ್ಚುತ್ತಿತ್ತು, ಫ್ಯಾನು ಹಾಕುತ್ತಿತ್ತು, ಕಿಂಡಿಯ ಗೋಣಿಪರದೆಗೆ ನೀರು ಬಿಡುತ್ತಿತ್ತು. ಪೆಟ್ಟಿಗೆಗಳೆಲ್ಲ ಒಂದಕ್ಕೊಂದು ಕೈ ಹಿಡಿದು ಒಂದು ಗುಂಪಾಗಿದ್ದವು. ಒಬ್ಬರ ಪೆಟ್ಟಿಗೆ ಕೆಟ್ಟರೆ ಅವರ ಡಬ್ಬಿ ಇನ್ನೊಬ್ಬರ ಪೆಟ್ಟಿಗೆಗೆ ಹೋಗಿ ಕೂತು, ಅಲ್ಲಿಂದಲೇ ತನ್ನ ಮನೆಯನ್ನು ನೋಡಿಕೊಳ್ಳುತ್ತಿತ್ತು. ಈ ಏರ್ಪಾಡು ಊರಿಗೆ ಬಂದ ದಿನ ಯಾರೂ ಹೆಚ್ಚು ಪ್ರಶ್ನೆ ಕೇಳಲಿಲ್ಲ. "ಓ, ಮುಯ್ಯಿ" ಎಂದು ಸುಮ್ಮನಾದರು.

ಹೋದ ವಾರ ಪಂಕಜಳ ಪೆಟ್ಟಿಗೆಯೊಳಗೆ ಹಲ್ಲಿ ನುಗ್ಗಿ, ತಾನೂ ಸುಟ್ಟು ಪೆಟ್ಟಿಗೆಯನ್ನೂ ಸುಟ್ಟಿತ್ತು. ಅಂದಿನಿಂದ ಅವಳ ಡಬ್ಬಿ ಸಾಕಮ್ಮನ ಪೆಟ್ಟಿಗೆಯಲ್ಲಿತ್ತು.

ಇಷ್ಟೆಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ಸಾಧನವೇ ಹಲಗೆ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಸಂಘದವರು ಪಂಕಜಳಿಗೆ ಒಪ್ಪಿಸಿದ್ದರು. ಹಲಗೆಯ ಹೊಸ ಆವೃತ್ತಿ ಹಿಂದಿನ ದಿನವಷ್ಟೇ ಬಂದಿತ್ತು. ಡಬ್ಬಿಗಳನ್ನು ಬೆರಳಲ್ಲಿ ಎಳೆದು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕಬಹುದಿತ್ತು. ಯಾವ ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂಬುದು ಬಣ್ಣದಲ್ಲಿ ಕಾಣುತ್ತಿತ್ತು. ಮತ್ತೊಂದು ಹೊಸ ಸೌಲಭ್ಯವೆಂದರೆ, 'ಕೆಲಸವಿಲ್ಲದ ಡಬ್ಬಿಗಳನ್ನು ತಾನಾಗಿ ಮಲಗಿಸಲೇ?' ಎಂದು ಅದೇ ಕೇಳಿತ್ತು.

ಅದನ್ನು ಕಂಡು ಪಂಕಜಳಿಗೆ ಖುಷಿಯೇ ಆಗಿತ್ತು. ಬೆಳೆ ಮುಗಿದ ಮನೆಗಳಲ್ಲಿ ಔಷಧಿ ಹೊಡೆಯುವಾಗ ಪೆಟ್ಟಿಗೆ ಬಿಚ್ಚಿ, ಧೂಳು ತೆಗೆಸಲು ರಾಮನಗರಕ್ಕೆ ಕಳಿಸುವುದು ವಾಡಿಕೆ. ಆದರೆ ಆ ಮನೆಗಳ ಡಬ್ಬಿಗಳು ಮಾತ್ರ ನೆಂಟರ ಮನೆಯಲ್ಲಿ ಬೇರು ಬಿಟ್ಟವರಂತೆ ಉಳಿದವರ ಪೆಟ್ಟಿಗೆಗಳಲ್ಲಿ ಜಾಗ ಹಿಡಿದು ಕೂತಿರುತ್ತಿದ್ದವು. ಅವಳು ಪಟ್ಟಿ ನೋಡಿದ್ದಳು. ಮೂರು ಹೆಸರಿದ್ದವು, ಮೂರೂ ಬರಿದಾದ ಮನೆಗಳು. 'ಆಗಲಿ' ಎಂದು ಒತ್ತಿ ಮನೆಗೆ ಬಂದಿದ್ದಳು. ಪಟ್ಟಿ ಅಷ್ಟಕ್ಕೇ ನಿಲ್ಲುವುದಿಲ್ಲ, ಹಲಗೆ ಹಗಲೂ ಇರುಳೂ ಹೊಸ ಹೆಸರುಗಳನ್ನು ಹುಡುಕುತ್ತಲೇ ಇರುತ್ತದೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಈಗ ಪರದೆಯ ಮೇಲೆ ಅವಳ ಕಣ್ಣು ಮೊದಲು ಹೋದದ್ದು ತನ್ನ ಮನೆಯ ಡಬ್ಬಿಯ ಮೇಲೆ. ಗೂಡು ಕಟ್ಟುವ ಹೊತ್ತಿನಲ್ಲಿ ಡಬ್ಬಿಗೆ ಮೈತುಂಬ ಕೆಲಸ. ಚಂದ್ರಿಕೆ ಏರಿದ ಹುಳು ಮೊದಲು ಮೈಯ ನೀರನ್ನೆಲ್ಲ ಬಿಡುತ್ತದೆ. ಆ ತೇವವನ್ನು ಹೊರಗೆ ಹಾಕದಿದ್ದರೆ ಗೂಡು ಮೆತ್ತಗಾಗಿ, ನೂಲು ಬಿಚ್ಚುವಾಗ ಎಳೆ ತುಂಡಾಗುತ್ತದೆ. ಕೊಳ್ಳುವವರು ಮೂಸಿ ನೋಡಿ ಮುಂದೆ ಹೋಗುತ್ತಾರೆ. ಇಂದು ಅವಳ ಡಬ್ಬಿ ಸಲೀಸಾಗಿ, ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಓಡುತ್ತಿತ್ತು.

'ಹೊಸ ಹಲಗೆ ಪರವಾಗಿಲ್ಲ' ಎಂದುಕೊಂಡಳು.

ಮನೆಗೊಮ್ಮೆ, ಕೋಣೆಗೊಮ್ಮೆ ಓಡಾಡುವುದರಲ್ಲಿ ಹೊತ್ತು ನೆತ್ತಿಗೆ ಬಂತು. ಮನೆಯಲ್ಲಿ ಹಣ್ಣು ಹುಳು ಆರಿಸುವವರ ಗದ್ದಲ. ಸಾಕಮ್ಮ ಯಾರದೋ ಅಳಿಯನ ನಡಿಗೆಯನ್ನು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಪಂಕಜ ನಗುತ್ತಲೇ ಮತ್ತೆ ಕೋಣೆಗೆ ಬಂದು ಕೂತಳು. ಸಾಕಮ್ಮನ ಮನೆಯ ಸಾಲಿನಲ್ಲಿ ಹಸಿರು ಬಣ್ಣದ ಅರ್ಧ ಚಂದ್ರ. ಬೆಳಗಿನಿಂದಲೂ ಹಾಗೇ ಇತ್ತು. ಹಸಿರೆಂದರೆ ಸುಖವಾಗಿದೆ ಎಂದೇ ಅವಳು ಭಾವಿಸಿದ್ದಳು. ಆ ಮನೆಯ ಬಿಸಿ ಎಷ್ಟೆಂದು ನೋಡಿದಳು. ಇಪ್ಪತ್ತಮೂರು.

ಹೊರಗೆ ಡೇರಿಯ ತಗಡಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಕೋಣೆಯ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಉಳಿದ ಮನೆಗಳ ಅಂಕಿಗಳೆಲ್ಲ ಏರುತ್ತ ಇಳಿಯುತ್ತ ಮಿಣುಕುತ್ತಿದ್ದವು. ಇಪ್ಪತ್ತಮೂರು ಮಾತ್ರ ಗೋಡೆಗೆ ಬರೆದಿಟ್ಟಂತೆ ನಿಂತಿತ್ತು.

ಅವಳು ಅರ್ಧ ಚಂದ್ರದ ಮೇಲೆ ಒತ್ತಿದಳು. 'ಕೆಲಸವಿಲ್ಲದ ಕಾರಣ ಮಲಗಿಸಲಾಗಿದೆ. ಸದ್ದು ಕೇಳಿದರೆ ಅಥವಾ ಬಾಗಿಲು ತೆರೆದರೆ ತಾನಾಗಿ ಏಳುತ್ತದೆ.'

ಪಂಕಜ ಅದನ್ನು ಇನ್ನೊಮ್ಮೆ ಓದಿದಳು. ಸದ್ದೆಲ್ಲಿಂದ ಬರಬೇಕು, ಬಾಗಿಲು ಯಾರು ತೆರೆಯಬೇಕು? ಹುಳು ಜ್ವರಕ್ಕೆ ಕೂತಿವೆ. ಬೆಳಗಿನ ಚಳಿಗೆಂದು ಡಬ್ಬಿ ಕಿಂಡಿಗಳನ್ನು ಮುಚ್ಚಿದೆ. ಬಿಸಿಲೇರಿದ ಹಾಗೆ ತೆರೆಯಬೇಕಾಗಿದ್ದ ಡಬ್ಬಿಯನ್ನು ಅಷ್ಟರೊಳಗೆ ಹಲಗೆ ಮಲಗಿಸಿದೆ. ಆ ಜಾಗವನ್ನೆಲ್ಲ ಅದೇ ಪೆಟ್ಟಿಗೆಯಲ್ಲಿದ್ದ ತನ್ನ ಡಬ್ಬಿಗೆ ಕೊಟ್ಟಿದೆ. ಅದಕ್ಕೇ ಅಷ್ಟು ಚುರುಕು. ಆ ಇಪ್ಪತ್ತಮೂರು, ಡಬ್ಬಿ ಮಲಗುವ ಮೊದಲು ಅಳೆದ ಬೆಳಗಿನ ಬಿಸಿ. ಶೀಟಿನ ಸೂರಿನ ಕೆಳಗೆ ಸಾಕಮ್ಮನ ಅಷ್ಟೂ ಹುಳು ಮುಚ್ಚಿದ ಪಾತ್ರೆಯಲ್ಲಿಟ್ಟಂತೆ ಬೇಯುತ್ತಿವೆ.

'ಎಬ್ಬಿಸು' ಒತ್ತಿದಳು. ಪರದೆ ತುಸು ಹೊತ್ತು ತಿಣುಕಿ ಹೇಳಿತು: 'ಪೆಟ್ಟಿಗೆಯಲ್ಲಿ ಜಾಗವಿಲ್ಲ. ಕಾಯುತ್ತಿದೆ.'

ತನ್ನ ಡಬ್ಬಿಯನ್ನು ಬೇರೆ ಪೆಟ್ಟಿಗೆಗೆ ಎಳೆದು ನೋಡಿದಳು. ಒಂದಾದ ಮೇಲೊಂದು ಎಲ್ಲವೂ ಕೆಂಪಗಾಗಿ ಅದನ್ನು ಹಿಂದಕ್ಕೆ ತಳ್ಳಿದವು. ಬೆಳೆಯಿದ್ದ ಎಲ್ಲ ಮನೆಗಳಲ್ಲೂ ಕೊನೆಯ ಹಂತದ ಹುಳುಗಳು, ಎಲ್ಲ ಪೆಟ್ಟಿಗೆಗಳೂ ಬಿಸಿಲಿಗೆ ಕಾದಿದ್ದವು. ಬಿಡುವಾಗಿದ್ದ ಪೆಟ್ಟಿಗೆಗಳು ರಾಮನಗರದಲ್ಲಿದ್ದವು.

ಅಲ್ಲಿ ಅವನ್ನು ನೋಡಿಕೊಳ್ಳುವ ಇಮ್ದಾದನಿಗೆ ಫೋನು ಮಾಡಿದಳು. ನೂಲು ಬಿಚ್ಚುವವರ ಮನೆಯ ಹುಡುಗ, ಗೂಡಿನ ಬೆಲೆ ಏನೆಂದು ಬಲ್ಲವನು. ಅವನೂ ತನ್ನ ಪರದೆಯಲ್ಲಿ ಹಲಗೆ ತೆರೆದು ನೋಡಿದ.

"ಅಕ್ಕಾ, ಎರಡೂ ಒಟ್ಗೆ ಹಾಕಿದ್ರೆ ಪೆಟ್ಗೇನೇ ಬಿದ್ದೋಗ್ತದೆ. ಆಮೇಲೆ ನಿಮ್ದೂ ಇಲ್ಲ, ಅವ್ರ್ದೂ ಇಲ್ಲ. ಒಂದು ಇಳಿಸ್ಬೇಕು."

"ನಂದಾ?"

"ಅವ್ರ್ದು ಈಗಾಗ್ಲೇ ಇಳ್ದಿದೆಯಲ್ಲಕ್ಕಾ."

"ಬಾಗ್ಲು ತಗ್ದು ನಾವೇ ಕಿಂಡಿ ಬಿಚ್ಚುದ್ರೆ?"

"ಈ ಬಿಸಿಲಲ್ಲಿ? ಜ್ವರದ್ ಹುಳ ಅಕ್ಕಾ. ಬಿಸಿಗಾಳಿ ಹೊಡ್ದ್ರೆ ಮುಗೀತು. ಡಬ್ಬಿಗಾದ್ರೆ ಎಷ್ಟೆಷ್ಟು ತೆಗೀಬೇಕು ಗೊತ್ತಿದೆ. ನಾನು ಇಲ್ಲಿಂದ್ಲೇ ಇಳಿಸ್ಲಾ ನಿಮ್ದು?"

"ಬ್ಯಾಡ. ತಡಿ" ಎಂದಳು ಪಂಕಜ.

ಫೋನಿಟ್ಟಳು. ಬೆರಳು 'ಇಳಿಸು' ಎಂಬ ಗುಂಡಿಯ ಮೇಲಿತ್ತು. ಒತ್ತಲಿಲ್ಲ.

ತನ್ನ ಹುಳುಗಳಲ್ಲಿ ಅರ್ಧದಷ್ಟು ಚಂದ್ರಿಕೆ ಏರಿಯಾಗಿತ್ತು, ನೀರು ಬಿಡುವ ಹೊತ್ತು. ಈಗ ಗಾಳಿ ನಿಂತರೆ ಒಂದು ತಿಂಗಳ ದುಡಿಮೆ ಮೆತ್ತಗಾಗಿ ಕೂರುತ್ತದೆ. ಸಾಕಕ್ಕನ ಹುಳು ಗಟ್ಟಿ, ಎಂಥೆಂಥ ಬೇಸಿಗೆ ಕಂಡ ತಳಿ. ಇನ್ನೊಂದು ಸ್ವಲ್ಪ ಹೊತ್ತು ತಡೆದಾವು. ಬಿಸಿ ಎಷ್ಟಿದೆಯೆಂದು ಯಾರು ಬಲ್ಲರು, ಒಳಗೆ ತಂಪಾಗಿಯೇ ಇದ್ದರೂ ಇರಬಹುದು. ತನ್ನವು ನೀರು ಬಿಟ್ಟು ಮುಗಿಸಲಿ, ಆಮೇಲೆ ಎಬ್ಬಿಸಿದರಾಯಿತು. ಹಲಗೆ ಮಲಗಿಸಿತ್ತು, ನಾನು ಎಬ್ಬಿಸಿದೆ ಎಂದರೆ ಅದು ಸುಳ್ಳೂ ಅಲ್ಲ. ಹೀಗೆ ಒಂದು ಯೋಚನೆ ಇನ್ನೊಂದರ ಸೆರಗು ಹಿಡಿದು ಬಂತು. ಒಂದೂ ನೆಟ್ಟಗೆ ನಿಂತು ಮುಖ ತೋರಿಸಲಿಲ್ಲ. ಅವಳು ನೋಡುತ್ತಿದ್ದದ್ದು ಮಾತ್ರ ಆ ಇಪ್ಪತ್ತಮೂರನ್ನೇ. ಅದು ಬದಲಾಗುವುದಿಲ್ಲವೆಂದು ಗೊತ್ತಿದ್ದೂ ಬದಲಾದೀತೆಂದು ಕಾದಳು. ಡೇರಿಗೆ ಬಂದ ಯಾರೋ ಬಾಗಿಲಲ್ಲಿ ಇಣುಕಿ, "ಏನ್ ಪಂಕಜಕ್ಕ, ದೆವ್ವ ಕಂಡೋಳಂಗ್ ಕೂತಿದ್ದೀಯ?" ಎಂದು ಹೋದರು. ಅದಕ್ಕೂ ಅವಳು ಅಲುಗಲಿಲ್ಲ.

ಫೋನು ಬಡಿದುಕೊಂಡಿತು. ಅತ್ತೆ ತಿಮ್ಮಾಜಮ್ಮ.

"ಬೆಲ್ಲ ಎಲ್ಲಿ ಮಡಗಿದ್ದೀಯವ್ವ? ಪಾಯ್ಸಕ್ಕಿಟ್ಟು ಹುಡುಕ್ತಾ ಇವ್ನಿ. ಸಾಕಮ್ಮ ಉಣ್ಣಕ್ಕೆ ಏಳೇ ಅಂದ್ರೆ ಏಳ್ತಿಲ್ಲ. ಪಂಕಜ ಬರ್ಲಿ, ಒಟ್ಗೆ ಉಣ್ತೀವಿ, ಅಲ್ಲಿಗಂಟ ಇನ್ನೊಂದ್ ತಟ್ಟೆ ಹುಳ ಆರುಸ್ತೀನಿ ಅಂತವ್ಳೆ." ಹಿಂದಿನಿಂದ ಸಾಕಮ್ಮನ ದನಿ ಕೇಳಿತು, "ಬ್ಯಾಗ ಬರಕ್ಕೇಳಿ, ಹೊಟ್ಟೆ ತಾಳ ಹಾಕ್ತದೆ!"

"ಗೋಡೆ ಮಾಡದಲ್ಲಿ, ಹರಳೆಣ್ಣೆ ಡಬ್ಬದ್ ಪಕ್ಕ" ಎಂದಳು ಪಂಕಜ. ಹೇಳುತ್ತಲೇ ಗುಂಡಿಯೊತ್ತಿದಳು.

ಅವಳ ಸಾಲು ಬೂದಿ ಬಣ್ಣಕ್ಕೆ ತಿರುಗಿತು. ಸಾಕಮ್ಮನ ಸಾಲು ಕಣ್ಣು ಬಿಟ್ಟಿತು. ಇಪ್ಪತ್ತಮೂರು ಮಾಯವಾಗಿ ಆ ಜಾಗದಲ್ಲಿ ಮೂವತ್ತೇಳು ಬಂದು ಕೂತಿತು.

ಇನ್ನು ಮೇಲೆ ತಾನಾಗಿ ಮಲಗಿಸಬೇಡ ಎಂದು ಹಲಗೆಗೆ ಹೇಳಿ, ಇಮ್ದಾದನಿಗೆ ಕಾವಲಿರಲು ತಿಳಿಸಿ, ಪಂಕಜ ಸೆರಗು ಸಿಕ್ಕಿಸಿಕೊಂಡು ಓಡಿದಳು.

ಅವಳ ಮನೆಯಲ್ಲಿ ಆಗಲೇ ಕೂಗೆದ್ದಿತ್ತು. ಫ್ಯಾನುಗಳು ನಿಂತು, ಒಳಗೆಲ್ಲ ಹಸಿ ವಾಸನೆ ಕಟ್ಟಿಕೊಂಡಿತ್ತು. "ಚಂದ್ರಿಕೆಗಳ್ನ ಹೊರಕ್ಕೆ ಸಾಗ್ಸಿ! ಹೊಂಗೆ ನೆಳ್ಳಿಗೆ ನಿಲ್ಸಿ, ಸೀರೆ ಅಡ್ಡ ಕಟ್ಟಿ!" ಎಂದು ತಿಮ್ಮಾಜಮ್ಮ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ಪೆಟ್ಟಿಗೆ ಬರುವುದಕ್ಕೆ ಮುಂಚೆ ಎಷ್ಟೋ ವರ್ಷ ಅವಳು ಮಾಡಿದ್ದೂ ಅದನ್ನೇ. ಸಾಕಮ್ಮ ತಲೆಯ ಮೇಲೊಂದು ಚಂದ್ರಿಕೆ ಹೊತ್ತು ಹೊಸ್ತಿಲು ದಾಟುತ್ತಿದ್ದಳು.

"ಸಾಕಕ್ಕ, ಅದನ್ನ ಇಳ್ಸು" ಎಂದಳು ಪಂಕಜ.

"ಯಾಕವ್ವ, ನೀರು ಬಿಡ್ತಾವೆ..."

"ಇಳ್ಸಕ್ಕ. ನಿಮ್ಮನೆ ಡಬ್ಬಿ ಬೆಳಗಿಂದ ಮಲ್ಗಿತ್ತು. ಕಿಂಡಿ ತಗ್ದೇ ಇಲ್ಲ."

ಸಾಕಮ್ಮ ಚಂದ್ರಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ಅವಸರದಲ್ಲೂ ಒಂದು ಹುಳುವೂ ಉದುರದಂತೆ ಒರಗಿಸಿದಳು. ಕೈಯೊರೆಸಿಕೊಂಡಳು.

"ಯಾರ್ ಮಲಗ್ಸಿದ್ದು?"

"ಹಲಗೆ. ಹಂಗ್ ಮಾಡು ಅಂತ ನಿನ್ನೆ ಒತ್ತಿದ್ದು ನಾನು. ಬರಿದಾದ ಮನೇವ್ನ ಮಾತ್ರ ಮಲಗ್ಸ್ತದೆ ಅನ್ಕಂಡೆ. ಜ್ವರಕ್ಕೆ ಕೂತ ಮನೆಗೂ ಬರಿದಾದ ಮನೆಗೂ ಅದ್ಕೆ ವ್ಯತ್ಯಾಸ ಗೊತ್ತಾಗ್ಲಿಲ್ಲ."

"ಯಾವಾಗ್ ಕಂಡೆ ನೀನು?"

"ಹೊತ್ತು ನೆತ್ತಿಗ್ ಬಂದಾಗ."

"ಕಂಡ್ ತಕ್ಷಣ ಎಬ್ಬಿಸ್ದ್ಯಾ?"

"ಇಲ್ಲ" ಎಂದಳು. "ನಂದು ಇಳಿಸ್ಬೇಕಿತ್ತು. ಅತ್ತೆ ಫೋನ್ ಮಾಡೋಗಂಟ ಇಳಿಸ್ಲಿಲ್ಲ."

ಸಾಕಮ್ಮ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು. ಪಂಕಜ ಅವಳ ಹಿಂದೆಯೇ ಹೋದಳು. ಹೊಂಗೆಯ ನೆರಳಲ್ಲಿ ತನ್ನ ಚಂದ್ರಿಕೆಗಳು ಏನಾದವೆಂದು ತಿರುಗಿ ನೋಡಲಿಲ್ಲ.

ಸಾಕಮ್ಮನ ಹುಳುವಿನ ಮನೆಯ ಮುಂದೆ ಇಬ್ಬರೂ ನಿಂತರು. ಬಾಗಿಲಿಗೆ ಕೈಯಿಕ್ಕುವಂತಿಲ್ಲ. ಸೂರಿನ ಕಿಂಡಿಗಳು ಒಂದು ಬೆರಳಿನಷ್ಟು ತೆರೆದಿದ್ದವು. ಅಲ್ಲಿಂದ ಹಬೆಯಂಥ ಗಾಳಿ, ಸುಣ್ಣದ ಮತ್ತು ಹಿಕ್ಕೆಯ ವಾಸನೆ ಬರುತ್ತಿತ್ತು. ಸಾಕಮ್ಮ ಗೋಡೆಗೆ ಕಿವಿಯಿಟ್ಟಳು. ಕೇಳುವುದಕ್ಕೆ ಏನೂ ಇರಲಿಲ್ಲ. ಬದುಕಿದ್ದರೂ ಸದ್ದಿಲ್ಲ, ಸತ್ತಿದ್ದರೂ ಸದ್ದಿಲ್ಲ.

ಫೋನಿನಲ್ಲಿ ಇಮ್ದಾದ್ ಪಿಸುಗುಟ್ಟಿದ. ಅಲ್ಲೆಲ್ಲೋ ರಾಮನಗರದಲ್ಲಿ ಕೂತವನು ಯಾಕೆ ಪಿಸುಗುಟ್ಟಬೇಕೋ, ಅವನಿಗೂ ಜ್ವರದ ಮನೆಯ ರೀತಿ ಅಂಟಿತ್ತು. "ಮೂವತ್ತಾರು ಅಕ್ಕಾ... ನಿಧಾನಕ್ಕೆ ಇಳಿಸ್ತಾ ಇದೆ. ಗೋಣಿಗೆ ನೀರು ಬಿಡ್ತು... ಈಗ ಮೂವತ್ತೈದು."

ಪಂಕಜ ಅಂಕಿಯನ್ನು ಮೆಲ್ಲಗೆ ಹೇಳಿದಳು. ಸಾಕಮ್ಮ ಅವಳತ್ತ ನೋಡದೆ ತಲೆಯಾಡಿಸಿದಳು. ಕಿಂಡಿ ಇನ್ನೊಂದು ಬೆರಳಿನಷ್ಟು ಸರಿದದ್ದು ಕಾಣಿಸಿತು. ಬಿಸಿಲು ಪಡುವಣಕ್ಕೆ ವಾಲಿ, ನೆರಳು ಅವರ ಪಾದಕ್ಕೆ ಬರುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ಸಂಜೆ ಪೆಟ್ಟಿಗೆ ತಣಿದ ಮೇಲೆ ಇಮ್ದಾದ್ ಪಂಕಜಳ ಡಬ್ಬಿಯನ್ನು ಮತ್ತೆ ಅದರೊಳಗೆ ಕೂರಿಸಿದ.

ಮೂರನೆಯ ದಿನ ಹುಳು ಎದ್ದವು. ಉತ್ತರದ ಕಡೆಯ ತಟ್ಟೆಗಳಲ್ಲಿ ಎಲ್ಲವೂ ಎದ್ದು, ಹೊಸ ಮೈಯಲ್ಲಿ ಸೊಪ್ಪಿಗೆ ಬಾಯಿ ಹಾಕಿದವು. ಸೂರಿಗೆ ಹತ್ತಿರವಿದ್ದ ಮೇಲಿನ ತಟ್ಟೆಗಳಲ್ಲಿ ಏಳಲಿಲ್ಲ. ಕೆಲವು ಅರ್ಧ ಪೊರೆಯೊಳಗೆ ತಲೆಯೆತ್ತಿಕೊಂಡೇ ಒಣಗಿದ್ದವು. ಸಾಕಮ್ಮ ಅವನ್ನು ಪುಟ್ಟಿಗಳಲ್ಲಿ ತುಂಬಿ ತಿಪ್ಪೆಯಾಚೆಗಿನ ಗುಂಡಿಗೆ ಹಾಕಿ ಸುಣ್ಣ ಸುರಿದಳು. ಮೂರರಲ್ಲಿ ಒಂದು ಪಾಲು ಹೋಯಿತೆಂದು ಊರಲ್ಲಿ ಸುದ್ದಿಯಾಯಿತು. ಪಂಕಜಳ ಗೂಡೂ ಅಷ್ಟೇನೂ ಚೆನ್ನಾಗಿರಲಿಲ್ಲ. ಮಾರುಕಟ್ಟೆಗೆ ಹೋಗಿ ಬಂದ ಅವಳ ಗಂಡ ಹೆಗಲ ಟವಲು ಕೊಡವಿ, "ಮೆತ್ತಗವೆ ಅಂದ್ರು" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ.

ಪಂಕಜ ಸಂಘದವರ ಮುಂದೆ ಎಲ್ಲವನ್ನೂ ಹೇಳಿದಳು. ಅಂದಿನಿಂದ ಹುಳು ಜ್ವರಕ್ಕೆ ಕೂತ ಮನೆಯವರು ಹಲಗೆಯ ಕೋಣೆಗೆ ಬಂದು 'ನಮ್ಮನೇಲಿ ಕೂತವೆ' ಎಂದು ಹೇಳಿಹೋಗುವುದು ಕಟ್ಟುಪಾಡಾಯಿತು. ಅವಳು ಆ ಮನೆಯ ಡಬ್ಬಿಗೆ ಕೈಯಾರೆ ಒಂದು ಗುರುತು ಹಾಕುತ್ತಿದ್ದಳು. ಗುರುತಿದ್ದ ಡಬ್ಬಿಯನ್ನು ಹಲಗೆ ಮುಟ್ಟುವಂತಿರಲಿಲ್ಲ. "ನಿನ್ನೇ ಇಳ್ಸಿ ಬೇರೆಯವ್ರನ್ನ ಕೂರಿಸ್ಬೇಕಿತ್ತು" ಎಂದು ಒಬ್ಬರು ಗೊಣಗಿದರು. ಸಾಕಮ್ಮ ಆ ಸಭೆಗೆ ಬಂದಿದ್ದಳು. ಪರವಾಗಿಯೂ ಮಾತಾಡಲಿಲ್ಲ, ವಿರೋಧವಾಗಿಯೂ ಆಡಲಿಲ್ಲ.

ಇನ್ನೊಂದು ವಾರಕ್ಕೆ ಸಾಕಮ್ಮನ ಹುಳು ಹಣ್ಣಾದವು. ಹಿಂದಿನ ಸಂಜೆ ಅವಳು ಮುಯ್ಯಿಗೆ ಕರೆಯಲು ಬೀದಿಗೆ ಬಂದಳು. ಒಂದೊಂದೇ ಮನೆಯ ಜಗಲಿಗೆ ಕೈಯೂರಿ, "ನಾಳೀಕೆ ಬಂದ್ಬುಡ್ರವ್ವ" ಎನ್ನುತ್ತ ಬಂದಳು. ಪಂಕಜ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. ಸಾಕಮ್ಮ ಪಕ್ಕದ ಮನೆಯಲ್ಲಿ ಹೇಳಿದಳು. ಆಮೇಲೆ ಎದುರಿನ ಮನೆಯಲ್ಲಿ ಹೇಳಿದಳು. ಪಂಕಜಳ ಬಾಗಿಲನ್ನು ದಾಟಿ ಮುಂದೆ ಹೋದಳು.

"ಕರೀಲಿಲ್ಲ" ಎಂದಳು ತಿಮ್ಮಾಜಮ್ಮ ಒಳಗಿನಿಂದ. ಅವಳ ಕಾಲದಲ್ಲಿ ಅಂಥದ್ದು ಒಂದೋ ಎರಡೋ ಸಲ ಆಗಿದ್ದಿರಬೇಕು.

"ಕರೀದಿದ್ರೂ ಹೋಯ್ತೀನಿ."

"ಕರೀದೆ ಹೋದ್ರೆ ಅದು ಮುಯ್ಯಿ ಆಗಕಿಲ್ಲ ಕಣವ್ವ."

ಆದರೂ ಬೆಳಿಗ್ಗೆ ಪಂಕಜ ಹೋದಳು. ಸಾಕಮ್ಮನ ಅಂಗಳದಲ್ಲಿ ಚಂದ್ರಿಕೆಗಳು ಒಣಗಿ ಸಾಲಾಗಿ ನಿಂತಿದ್ದವು. ಒಳಗೆ ಹೆಂಗಸರು ಹುಳು ಆರಿಸುತ್ತಿದ್ದರು. ಅವಳನ್ನು ಕಂಡು ಸಾಕಮ್ಮ ತಟ್ಟೆ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು.

"ಒಂದ್ ತಟ್ಟೆ ಕೊಡು ಸಾಕಕ್ಕ. ಯಾವ್ ಮೂಲೇಲಾದ್ರೂ ಕೂತ್ಕತೀನಿ" ಎಂದಳು ಪಂಕಜ.

"ನಿನ್ ಡಬ್ಬಿ ಇನ್ನೂ ನಮ್ ಪೆಟ್ಗೇಲೆ ಅದೆ. ಅದನ್ನೇನ್ ನಾನು ಇಳ್ಸು ಅಂದ್ನಾ?"

"ಇಲ್ಲ."

"ಇಳ್ಸೂ ಬ್ಯಾಡ." ಸಾಕಮ್ಮ ತಟ್ಟೆಯ ಅಂಚಿಗೆ ಬಂದ ಹುಳುವೊಂದನ್ನು ಬೆರಳಲ್ಲಿ ಒಳಕ್ಕೆ ಸರಿಸಿದಳು. "ಆದ್ರೆ ಇವತ್ತು ನಿನ್ ಕೈಲಿ ಆರಿಸ್ಕಂಡ್ರೆ ನೀನು ಬಂದೆ, ದುಡ್ದೆ, ಲೆಕ್ಕ ಮುಗೀತು ಅಂತ ಮನೆಗ್ ಹೋಯ್ತೀಯ. ಮುಗ್ಸಕ್ಕೆ ನಂಗೆ ಇಷ್ಟ ಇಲ್ಲ. ನಿನ್ ಮೇಲೆ ಇರ್ಲಿ ಅದು. ಆ ಕೋಣೇಲ್ ಕೂತಾಗೆಲ್ಲ ನಿನ್ ಮೇಲೆ ಇರ್ಲಿ."

ಪಂಕಜ ಒಂದು ಹೆಜ್ಜೆ ಹಿಂದೆ ಸರಿದಳು.

"ಹೋಗವ್ವ" ಎಂದಳು ಸಾಕಮ್ಮ, ಗಡುಸಾಗಿಯೂ ಅಲ್ಲ, ಮೆದುವಾಗಿಯೂ ಅಲ್ಲ. "ಇವು ನೀರು ಬಿಡೋ ಹೊತ್ತು. ಹೋಗಿ ಹಲಗೆ ನೋಡು."

ಪಂಕಜ ಬರಿಗೈಯಲ್ಲಿ ಬೀದಿಗಿಳಿದು ಡೇರಿಯ ಕಡೆಗೆ ಬೇಗಬೇಗ ನಡೆದಳು.